ಸೆಕೆಂಡಿಗೆ 20 ಮೀಟರ್ ಓಡುವ ಗರಗಸ

ಮಕ್ಕಳೇ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಮುಂಗಾರಿಗೆ ಮೊದಲು ಕಾಫಿ ತೋಟಗಳಲ್ಲಿ ಮರಗಸಿ ಶುರುವಾಗುತ್ತದೆ. ಕಾಫಿ ಗಿಡಗಳಿಗೆ ಬೇಕಾದಷ್ಟೇ ನೆರಳು ಉಳಿಸಿ, ಹೆಚ್ಚಾದ ಕೊಂಬೆಗಳನ್ನು ಕಡಿದು ಹಾಕುವ ಕೆಲಸವೇ ಮರಗಸಿ. ಹೊಳೆಯ ಬಯಲಿನ ಕಡೆಯಾದರೆ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆ ಕೊಯ್ಯುವ ಕೆಲಸವಿರುತ್ತದೆ. ಎರಡು ಕಡೆಯೂ ಈಗ ಕತ್ತಿ, ಕೊಡಲಿಗಳ ಜೊತೆಗೆ ಒಂದು ಯಂತ್ರ ಬಂದಿದೆ. ದೂರದಿಂದಲೇ ಅದರ ಕರ್ಕಶ ಶಬ್ದ ಕೇಳಿಸುತ್ತದೆ. ಮರ ಕೊಯ್ಯುವ ಮಷೀನ್ ಎಂದೋ ಚೈನ್‌ಸಾ ಎಂದೋ ನೀವು ಕರೆಯುವುದು ಇದನ್ನೇ. ನಿಮ್ಮಲ್ಲಿ ಕೆಲವರ ಅಪ್ಪ, ಮಾವ, ಅಣ್ಣ ಇದನ್ನು ಹಿಡಿದು ದುಡಿಯುತ್ತಿರಬಹುದು.

ಕೈಗರಗಸವನ್ನು ಹಿಂದೆ ಮುಂದೆ ಎಳೆಯಬೇಕು. ಇದರಲ್ಲಿ ಹಾಗಿಲ್ಲ. ಉದ್ದನೆಯ ಉಕ್ಕಿನ ಪಟ್ಟಿಯೊಂದರ ಅಂಚಿನಲ್ಲಿ ಸೈಕಲ್ ಚೈನಿನಂತಹ ಸರಪಳಿ ಸುತ್ತುತ್ತಿರುತ್ತದೆ. ಸರಪಳಿಯ ಮೇಲೆ ಹರಿತವಾದ ಹಲ್ಲುಗಳಿವೆ. ಎಂಜಿನ್ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಸುತ್ತು ತಿರುಗಿದಾಗ ಸರಪಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಗಂಟೆಗೆ ಎಷ್ಟಾಯಿತು? 20 ಅನ್ನು 3600ರಿಂದ ಗುಣಿಸಿ, 1000ದಿಂದ ಭಾಗಿಸಿ: 72 ಕಿಲೋಮೀಟರ್. ಹಾಸನದ ರಸ್ತೆಯಲ್ಲಿ ಬಸ್ಸು ಓಡುವ ವೇಗ!

ಇನ್ನೂ ಒಂದು ಲೆಕ್ಕ ಮಾಡೋಣ. ಏನಾದರೂ ಅಪಾಯ ಕಂಡರೆ ನಮ್ಮ ಕಣ್ಣು ಮಿದುಳಿಗೆ ತಿಳಿಸಿ, ಮಿದುಳು ಕೈಗೆ ಆಜ್ಞೆ ಕೊಡಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ಸರಪಳಿ 4 ಮೀಟರ್ ಓಡಿರುತ್ತದೆ. ಸರಪಳಿಯ ಸುತ್ತಳತೆ ಸುಮಾರು 1.4 ಮೀಟರ್, ಅದರಲ್ಲಿ ಸುಮಾರು 35 ಹಲ್ಲುಗಳು ಎಂದಿಟ್ಟುಕೊಳ್ಳಿ. ಕೈ ಹಿಂದಕ್ಕೆ ಸರಿಯುವ ಮೊದಲೇ ನೂರು ಹಲ್ಲುಗಳು ಹಾದುಹೋಗಿರುತ್ತವೆ. ‘ನಾನು ಚುರುಕಾಗಿದ್ದೇನೆ, ಕೈ ತಕ್ಷಣ ತೆಗೆದುಬಿಡುತ್ತೇನೆ’ ಎಂಬ ಧೈರ್ಯ ಈ ಯಂತ್ರದ ಮುಂದೆ ನಡೆಯುವುದಿಲ್ಲ.

ಈ ಯಂತ್ರದ ಕಥೆಯೂ ವಿಚಿತ್ರವಾಗಿದೆ. ಸರಪಳಿ ಗರಗಸ ಮೊದಲು ಹುಟ್ಟಿದ್ದು ಮರಕ್ಕಾಗಿ ಅಲ್ಲ, ಮೂಳೆಗಾಗಿ! 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕನ್ ಮತ್ತು ಜೇಮ್ಸ್ ಜೆಫ್ರಿ ಶಸ್ತ್ರಚಿಕಿತ್ಸೆಗೆ ಹಲ್ಲಿನ ಸರಪಳಿಯನ್ನು ಕೈಯಿಂದ ಎಳೆದು ಬಳಸಿದರು. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ವಿದ್ಯುತ್ತಿನಿಂದ ಓಡುವ ಮರದ ಗರಗಸ ಮಾಡಿದರು. ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಆಗಿನ ಸರಪಳಿಯ ಹಲ್ಲುಗಳು ಬೇಗ ಮೊಂಡಾಗುತ್ತಿದ್ದವು. 1946ರಲ್ಲಿ ಅಮೆರಿಕದ ಮರ ಕಡಿಯುವವರಾದ ಜೋಸೆಫ್ ಕಾಕ್ಸ್ ಅವರು ಮರ ಕೊರೆಯುವ ದುಂಬಿಯ ಮರಿಹುಳುವನ್ನು ಗಮನಿಸಿದರು. ಅದು ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತಾ ಗಟ್ಟಿ ಮರವನ್ನು ಸಲೀಸಾಗಿ ಕೊರೆಯುತ್ತಿತ್ತು. ಅದೇ ಆಕಾರದಲ್ಲಿ ಕಾಕ್ಸ್ ಒಂದು ಹಲ್ಲು ಎಡಕ್ಕೆ, ಒಂದು ಹಲ್ಲು ಬಲಕ್ಕೆ ಬಾಗಿದ ಸರಪಳಿ ಮಾಡಿದರು. ಇಂದಿಗೂ ಅದೇ ಮಾದರಿ ನಡೆದಿದೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಂದರೆ ನಾವು ಬೈದುಕೊಳ್ಳುತ್ತೇವೆ, ಅದರ ನೆಂಟನೊಬ್ಬ ಮನುಷ್ಯರಿಗೆ ಪಾಠ ಹೇಳಿದ್ದಾನೆ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಯಂತ್ರದಿಂದ ಆಗುವ ಅತ್ಯಂತ ಕೆಟ್ಟ ಗಾಯಗಳಿಗೆ ಒಂದು ಕಾರಣ, ಯಂತ್ರ ಇದ್ದಕ್ಕಿದ್ದಂತೆ ಹಿಂದಕ್ಕೆ ಒದೆಯುವುದು. ಯಾಕೆ ಒದೆಯುತ್ತದೆ?

ರಾಮನಾಥಪುರದಲ್ಲಿ ಕಾವೇರಿಯ ದಡದ ಬಳಿ ನೀವು ತೆಪ್ಪದಲ್ಲಿ ಕುಳಿತಿದ್ದೀರಿ ಎಂದು ಕಲ್ಪಿಸಿಕೊಳ್ಳಿ. ಗಳದಿಂದ ದಡವನ್ನು ಮುಂದಕ್ಕೆ ಒತ್ತಿದರೆ ತೆಪ್ಪ ಹಿಂದಕ್ಕೆ ಹೋಗುತ್ತದೆ. ನೀವು ದಡವನ್ನು ತಳ್ಳಿದಷ್ಟೇ ಬಲದಿಂದ ದಡ ನಿಮ್ಮನ್ನು ತಳ್ಳುತ್ತದೆ. ಗರಗಸವೂ ಮರವನ್ನು ತಳ್ಳುತ್ತದೆ, ಮರ ಗರಗಸವನ್ನು ತಿರುಗಿ ತಳ್ಳುತ್ತದೆ. ಪಟ್ಟಿಯ ಕೆಳ ಅಂಚಿನಲ್ಲಿ ಸರಪಳಿ ಯಂತ್ರ ಹಿಡಿದವರ ಕಡೆಗೆ ಓಡುತ್ತದೆ. ಆದ್ದರಿಂದ ಕೆಳ ಅಂಚಿನಿಂದ ಕೊಯ್ದರೆ ಯಂತ್ರ ಮುಂದಕ್ಕೆ, ಮರದ ಕಡೆಗೆ ಎಳೆಯುತ್ತದೆ. ಮೇಲಿನ ಅಂಚಿನಲ್ಲಿ ಸರಪಳಿ ಮುಂದಕ್ಕೆ ಓಡುವುದರಿಂದ ಅಲ್ಲಿ ಕೊಯ್ದರೆ ಯಂತ್ರ ಹಿಡಿದವರ ಕಡೆಗೆ ತಳ್ಳಲ್ಪಡುತ್ತದೆ. ಇವೆರಡನ್ನೂ ಗಟ್ಟಿಯಾಗಿ ಹಿಡಿದು ತಡೆಯಬಹುದು.

ಪಟ್ಟಿಯ ಮೂತಿಯ ಮೇಲ್ಭಾಗದ ಸಂಗತಿ ಬೇರೆ. ಅಲ್ಲಿ ಸರಪಳಿ ಮುಂದಕ್ಕೂ ಕೆಳಕ್ಕೂ ಬಾಗಿ ಓಡುತ್ತಿರುತ್ತದೆ. ಆ ಜಾಗ ಒಂದು ಕೊಂಬೆಗೆ ತಾಗಿ ಹಲ್ಲು ಕಚ್ಚಿಕೊಂಡರೆ ಮರದ ಮರುಬಲ ಹಿಂದಕ್ಕೂ ಮೇಲಕ್ಕೂ ಇರುತ್ತದೆ. ಪಟ್ಟಿ ಕಮಾನಿನಂತೆ ಚಿಮ್ಮಿ ನೇರವಾಗಿ ಮುಖ, ಕುತ್ತಿಗೆಯ ಕಡೆಗೆ ಬರುತ್ತದೆ. ಆಗಲೇ ಹೇಳಿದ 0.2 ಸೆಕೆಂಡು ನೆನಪಿದೆಯೇ? ಒದೆತ ಅದಕ್ಕಿಂತಲೂ ಬೇಗ ಮುಗಿದಿರುತ್ತದೆ.

ಅದಕ್ಕೇ ತಿಳಿದವರು ಮೂತಿಯಿಂದ ಕೊಯ್ಯುವುದಿಲ್ಲ. ಎರಡೂ ಕೈಯಿಂದ, ಹೆಬ್ಬೆರಳು ಹಿಡಿಯನ್ನು ಸುತ್ತಿಕೊಳ್ಳುವಂತೆ ಹಿಡಿಯುತ್ತಾರೆ. ಪಟ್ಟಿಯ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲುತ್ತಾರೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದಿಲ್ಲ, ಏಣಿಯ ಮೇಲೆ ನಿಂತಂತೂ ಇಲ್ಲವೇ ಇಲ್ಲ. ಮುಂದಿನ ಹಿಡಿಯ ಎದುರಿಗೆ ಒಂದು ತಡೆ ಇರುವುದನ್ನು ನೋಡಿ. ಯಂತ್ರ ಒದೆದಾಗ ಕೈಗೆ ತಾಗಿ ಅಥವಾ ಆ ಎಳೆತಕ್ಕೇ ಅದು ಮುಂದಕ್ಕೆ ಬಾಗುತ್ತದೆ, ಸರಪಳಿಯ ಬ್ರೇಕು ಬೀಳುತ್ತದೆ. ಆ ತಡೆ ಮುರಿದು ಹೋದ ಯಂತ್ರದಲ್ಲಿ ದುಡಿಯುವುದು ಬ್ರೇಕಿಲ್ಲದ ಬಸ್ಸಿನಲ್ಲಿ ಘಾಟಿ ಇಳಿದಂತೆ.

ಉಡುಪಿನಲ್ಲೂ ವಿಜ್ಞಾನವಿದೆ. ಈ ಕೆಲಸಕ್ಕೆಂದೇ ಮಾಡಿದ ಪ್ಯಾಂಟಿನ ಒಳಗೆ ಉದ್ದುದ್ದ ನೂಲಿನ ಪದರಗಳಿರುತ್ತವೆ. ಹೊರಬಟ್ಟೆ ಹರಿದ ಕೂಡಲೇ ಸರಪಳಿ ಆ ನೂಲನ್ನು ಎಳೆದುಕೊಳ್ಳುತ್ತದೆ, ನೂಲು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಸರಪಳಿಯನ್ನೇ ನಿಲ್ಲಿಸಿಬಿಡುತ್ತದೆ. ಕಾಲು ಉಳಿಯುತ್ತದೆ. ಪಂಚೆ, ಲುಂಗಿ, ಕುತ್ತಿಗೆಯ ಟವೆಲ್ಲು ಕೂಡ ಸಿಕ್ಕಿಕೊಳ್ಳುತ್ತವೆ, ಆದರೆ ಅವು ಯಂತ್ರವನ್ನು ನಿಲ್ಲಿಸುವ ಬದಲು ಮನುಷ್ಯನನ್ನೇ ಯಂತ್ರದ ಕಡೆಗೆ ಎಳೆಯಬಹುದು. ತಲೆಗೆ ಹೆಲ್ಮೆಟ್, ಮುಖಕ್ಕೆ ಜಾಲರಿ, ಕಾಲಿಗೆ ಗಟ್ಟಿ ಬೂಟು ಬೇಕು. ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡುವವರನ್ನು ನಾವೆಲ್ಲ ನೋಡಿದ್ದೇವೆ. ಇಷ್ಟು ದಿನ ಏನೂ ಆಗಿಲ್ಲವೆಂಬುದೇ ಅವರ ಸಮಾಧಾನ.

ಕಿವಿಯನ್ನು ಮರೆಯುವವರೇ ಹೆಚ್ಚು. ನಾವು ಮಾತನಾಡುವ ಶಬ್ದ ಸುಮಾರು 60 ಡೆಸಿಬೆಲ್. ಈ ಯಂತ್ರದ್ದು ಸುಮಾರು 110. ದಿನಕ್ಕೆ 85 ಡೆಸಿಬೆಲ್ ಶಬ್ದವನ್ನು 8 ಗಂಟೆಗಿಂತ ಹೆಚ್ಚು ಕೇಳಬಾರದು, ಪ್ರತಿ 3 ಡೆಸಿಬೆಲ್ ಹೆಚ್ಚಿದಾಗ ಆ ಅವಧಿಯನ್ನು ಅರ್ಧ ಮಾಡಬೇಕು ಎಂಬುದು ಒಂದು ನಿಯಮ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆಯೇ 109ರವರೆಗೆ ಅರ್ಧ ಮಾಡುತ್ತಾ ಹೋಗಿ. ಎರಡು ನಿಮಿಷವೂ ಉಳಿಯುವುದಿಲ್ಲ! ಕಿವಿ ಮುಚ್ಚುವ ಸಾಧನವಿಲ್ಲದೆ ದಿನವಿಡೀ ದುಡಿದವರಿಗೆ ಕೆಲವೇ ವರ್ಷಗಳಲ್ಲಿ ಕಿವಿ ಮಂದವಾಗುತ್ತದೆ. ಯಂತ್ರದ ನಡುಕದಿಂದ ಬೆರಳುಗಳ ರಕ್ತನಾಳಗಳೂ ನರಗಳೂ ಕೆಟ್ಟು, ಚಳಿಗೆ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುವುದೂ ಉಂಟು.

ಮಾಡಿ ನೋಡಿ

ಒಂದು ಉದ್ದನೆಯ ರಬ್ಬರ್ ತೆಗೆದುಕೊಳ್ಳಿ. ಅದರ ಪಕ್ಕದ ಮೇಲೆ ಪೆನ್ನಿನಿಂದ ಮೇಲಿನಿಂದ ಕೆಳಕ್ಕೆ ಐದಾರು ಗೆರೆ ಎಳೆಯಿರಿ. ರಬ್ಬರಿನ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ಕೆಳಕ್ಕೆ ಬಗ್ಗಿಸಿ. ಮೇಲೆ ಗೆರೆಗಳು ದೂರವಾದವು, ಕೆಳಗೆ ಹತ್ತಿರವಾದವು ಅಲ್ಲವೇ? ಮರದಿಂದ ಚಾಚಿದ ಕೊಂಬೆಯೂ ಹೀಗೆಯೇ. ಅದರ ಮೇಲ್ಭಾಗ ಎಳೆತದಲ್ಲಿದೆ, ಕೆಳಭಾಗ ಒತ್ತಡದಲ್ಲಿದೆ. ಕೆಳಗಿನಿಂದಲೇ ಪೂರ್ತಿ ಕೊಯ್ಯಲು ಹೋದರೆ ಸೀಳು ಮುಚ್ಚಿಕೊಂಡು ಪಟ್ಟಿ ಸಿಕ್ಕಿಬೀಳುತ್ತದೆ. ಮೇಲಿನಿಂದ ಮಾತ್ರ ಕೊಯ್ದರೆ ಕೊಂಬೆ ಸಿಬಿರಾಗಿ ಸೀಳಿ ತೂಗಿ ಬಡಿಯಬಹುದು. ಅದಕ್ಕೇ ಮೊದಲು ಕೆಳಗೆ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಮುಗಿಸುತ್ತಾರೆ. ಎರಡು ತುದಿಗೆ ಆಸರೆಯಿರುವ ದಿಮ್ಮಿಯನ್ನು ನಡುವೆ ಕೊಯ್ಯಬೇಕಾದರೆ? ರಬ್ಬರನ್ನು ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಅದುಮಿ, ನೀವೇ ಹೇಳಿ.

ಇನ್ನು ನಿಮ್ಮ ಮಾತು. ಹದಿನೆಂಟು ತುಂಬದವರು ಈ ಯಂತ್ರವನ್ನು ಹಿಡಿಯುವುದೇ ಬೇಡ. ಬಡಗಿಯ ಮನೆಯಲ್ಲಿರುವ ದುಂಡು ಬ್ಲೇಡಿನ ಕಟಿಂಗ್ ಮಷೀನನ್ನೂ ಅಷ್ಟೇ, ಗುಂಡಿ ಬಿಟ್ಟ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆದರೆ ಬುತ್ತಿ ಕೊಡಲೋ ಸೌದೆ ಆಯಲೋ ನೀವು ತೋಟಕ್ಕೆ ಹೋಗುತ್ತೀರಿ. ಆ ಶಬ್ದದಲ್ಲಿ ನಿಮ್ಮ ಕೂಗು ಅವರಿಗೆ ಕೇಳಿಸುವುದಿಲ್ಲ. ಹಿಂದಿನಿಂದ ಹೋಗಿ ಬೆನ್ನು ಮುಟ್ಟಿದರೆ ಅವರು ಬೆಚ್ಚಿ ಯಂತ್ರದೊಂದಿಗೇ ತಿರುಗಿಬಿಡಬಹುದು. ಅವರ ಕಣ್ಣಿಗೆ ಬೀಳುವಂತೆ ದೂರದಲ್ಲಿ ನಿಂತು ಕೈ ಬೀಸಿ. ಎಂಜಿನ್ ನಿಂತ ಮೇಲೆ ಹತ್ತಿರ ಹೋಗಿ. ಪೆಟ್ರೋಲು ತುಂಬುವಾಗಲೂ ದೂರವಿರಿ. ಎಂಜಿನ್ ಆರಿದ ಮೇಲೆಯೇ ತುಂಬಬೇಕು, ಹತ್ತಿರದಲ್ಲಿ ಬೀಡಿಯ ಕಿಡಿಯೂ ಇರಬಾರದು.

ಮರ ಉರುಳಿಸುತ್ತಿದ್ದರೆ ಎಷ್ಟು ದೂರ ನಿಲ್ಲಬೇಕು? ಮರದ ಎತ್ತರದ ಎರಡರಷ್ಟಾದರೂ. ಶಾಲೆಯ ಅಂಗಳದ ಸಿಲ್ವರ್ ಓಕ್ ಮರವೊಂದನ್ನು ಅಳೆದು ನೋಡಿ. 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಅದೇ ಹೊತ್ತಿನಲ್ಲಿ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು ಅರ್ಧ ಮೀಟರ್, ಮರದ ನೆರಳು 12 ಮೀಟರ್ ಆದರೆ ಮರದ ಎತ್ತರ 24 ಮೀಟರ್. ಅಂದರೆ 48 ಮೀಟರ್ ಆಚೆ ನಿಲ್ಲಬೇಕು. ಆ ದೂರವನ್ನು ಹೆಜ್ಜೆ ಹಾಕಿ ಅಳೆದರೆ ನಾವು ಸಾಮಾನ್ಯವಾಗಿ ಎಷ್ಟು ಹತ್ತಿರ ನಿಲ್ಲುತ್ತೇವೆಂದು ಗೊತ್ತಾಗುತ್ತದೆ.

ಯಾರಿಗಾದರೂ ಗಾಯವಾದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯಬೇಡಿ, ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿ. ಕಾಫಿಪುಡಿ, ಅರಿಶಿನ ಹಾಕಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಾಗಬಾರದು. 108ಕ್ಕೆ ಕರೆ ಮಾಡಿ. ತೋಟದೊಳಗೆ ಫೋನಿನ ಸಿಗ್ನಲ್ ಸಿಗದಿರಬಹುದು, ಆಂಬುಲೆನ್ಸಿಗೆ ದಾರಿಯೂ ತಿಳಿಯದು. ಆದ್ದರಿಂದ ಯಾರು ರಸ್ತೆಗೆ ಓಡಿ ಆಂಬುಲೆನ್ಸನ್ನು ಕರೆತರಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳಲು ಇಂದು ಸಂಜೆ ಮನೆಯಲ್ಲಿ ಹೇಳಿ.