ಸೋಯಾಬಿನ್ ತುಕ್ಕು ರೋಗ: ಮೊದಲು ಕೆಳಗಿನ ಎಲೆ ತಿರುವಿ ನೋಡ್ರಿ

ಆಗಸ್ಟ್ ಕೊನೆಗೆ ಸೋಯಾಬಿನ್ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನನ್ನ ವಾಟ್ಸಾಪ್‌ಗೆ ಫೋಟೋ ಬರಾಕ ಶುರುವಾಗ್ತಾವ. "ಎಲಿ ಹಳದಿ ಆಗ್ಯಾವ, ಏನ್ ಹೊಡೀಬೇಕ್ರಿ?" ಬಹುತೇಕ ಫೋಟೋಗಳು ಗಿಡದ ಮೇಲಿನ ಎಲೆಯವು. ಆದರೆ ತುಕ್ಕು ಶುರುವಾಗುವುದು ಕೆಳಗಿನ ಎಲೆಯಿಂದ. ಅದು ತುದಿಗೆ ಏರಿದ ಮೇಲೆ ಯಾವ ಔಷಧ ಹೊಡೆದರೂ ಉದುರಿದ ಎಲೆ ವಾಪಸ್ ಬರುವುದಿಲ್ಲ, ಕಾಳು ಜೊಳ್ಳಾಗುತ್ತದೆ.

ನಮ್ಮ ಶಿರೂರು ಕಡೆ ಹವೆ ಒಣ. ಬೆಳಗಾವಿ, ಧಾರವಾಡದಷ್ಟು ಕಾಟ ಇಲ್ಲಿಲ್ಲ. ಆದರೂ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದ ವರ್ಷ ಮೈಮರೆಯಬೇಡಿ. ಈ ಶಿಲೀಂಧ್ರದ ಕಣಗಳು ಗಾಳಿಯಲ್ಲಿ ಬರುತ್ತವೆ. ಎಲೆ ಆರು ತಾಸು ಒದ್ದೆ ಇದ್ದರೆ ಸಾಕು, ಒಳಗೆ ಇಳಿಯುತ್ತವೆ. ವಾರ, ಹತ್ತು ದಿನದಲ್ಲಿ ಹೊಸ ಗುಳ್ಳೆ ಒಡೆದು ಮತ್ತೆ ಹರಡುತ್ತವೆ.

ಗುರುತಿಸುವುದು ಹೇಗೆ?

• ತುಕ್ಕು: ಕೆಳಗಿನ ಎಲೆಯ ಹಿಂಬದಿ ಸಣ್ಣ ಕಂದು ಗುಳ್ಳೆ. ಬಿಳಿ ಅರಿವೆಯಿಂದ ಒರೆಸಿದರೆ ಕಂದು ಪುಡಿ ಹತ್ತುತ್ತದೆ.
• ದುಂಡಾಣು ಗುಳ್ಳೆ: ಸುತ್ತ ಹಳದಿ ಉಂಗುರ, ಪುಡಿ ಹತ್ತುವುದಿಲ್ಲ. ಇದಕ್ಕೆ ಶಿಲೀಂಧ್ರನಾಶಕ ಹೊಡೆದರೆ ರೊಕ್ಕ ದಂಡ.
• ಹಳದಿ ನಂಜು: ಎಳೆಯ ಎಲೆಯಲ್ಲಿ ಹಳದಿ-ಹಸಿರು ಮಚ್ಚೆ. ಇದು ಬಿಳಿನೊಣದಿಂದ ಹರಡುವ ವೈರಸ್.

ತಳಿಯೇ ಮೊದಲ ಮದ್ದು

ಜೆಎಸ್ 335 ಇಳುವರಿಗೆ ಹೆಸರಾದರೂ ತುಕ್ಕಿಗೆ ಬೇಗ ತುತ್ತಾಗುತ್ತದೆ. ಅದನ್ನೇ ಇಸಿ 241778 ಎಂಬ ನಿರೋಧಕ ತಳಿಯೊಂದಿಗೆ ಸಂಕರಿಸಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಎಸ್‌ಬಿ 21 ಕೊಟ್ಟಿದೆ. ಮಹಾರಾಷ್ಟ್ರದ ರಾಹುರಿ ವಿಶ್ವವಿದ್ಯಾಲಯದ ಕೆಡಿಎಸ್ 726 ಸಹ ರೋಗವನ್ನು ಸಾಕಷ್ಟು ತಡೆಯುತ್ತದೆ. ಒಂದು ಮಾತು ನೆನಪಿರಲಿ: ನಿರೋಧಕ ತಳಿಯಲ್ಲೂ ಕೆಂಗಂದು ಚುಕ್ಕೆ ಕಾಣಬಹುದು. ಅದು ಗಿಡ ರೋಗವನ್ನು ತಡೆದು ನಿಲ್ಲಿಸಿದ ಗುರುತು. ಅರಿವೆಗೆ ಪುಡಿ ಹತ್ತದಿದ್ದರೆ ಗಾಬರಿಯಾಗಿ ಪಂಪ್ ಹೊರಬೇಡಿ.

ಸಿಂಪರಣೆ ಯಾವಾಗ?

ಜೆಎಸ್ 335 ಬಿತ್ತಿದ್ದರೆ ಹೂ ಬಿಡುವ ಹೊತ್ತಿನಿಂದ ವಾರಕ್ಕೆರಡು ಸಲ ಹೊಲದ ನಾಲ್ಕೈದು ಕಡೆ ಎಲೆ ತಿರುವಿ ನೋಡಿ. ಮೊದಲ ಗುಳ್ಳೆ ಕಂಡ ಕೂಡಲೇ ಹೆಕ್ಸಾಕೋನಜೋಲ್ 5 ಇಸಿ ಅಥವಾ ಪ್ರೊಪಿಕೋನಜೋಲ್ 25 ಇಸಿ, ಲೀಟರ್ ನೀರಿಗೆ 1 ಮಿ.ಲೀ. 16 ಲೀಟರ್ ಪಂಪಿಗೆ 16 ಮಿ.ಲೀ., ಎಕರೆಗೆ ಸುಮಾರು 200 ಲೀಟರ್ ನೀರು. ನೀರು ಉಳಿಸಲು ಹೋದರೆ ಔಷಧ ಕೆಳಗಿನ ಎಲೆಯ ಹಿಂಬದಿ ಮುಟ್ಟುವುದೇ ಇಲ್ಲ. ರೋಗ ಮುಂದುವರಿದರೆ 15 ದಿನಕ್ಕೆ ಇನ್ನೊಂದು ಸಲ. ಈ ಎರಡೂ ಒಂದೇ ಗುಂಪಿನ ಔಷಧ. ಪದೇ ಪದೇ ಹೊಡೆದಿದ್ದಕ್ಕೆ ಬ್ರೆಜಿಲ್‌ನಲ್ಲಿ ಈ ಗುಂಪಿನ ಕಸುವೇ ಕುಗ್ಗಿದೆ. ಕೈಗವಸು, ಮಾಸ್ಕ್ ಮರೆಯಬೇಡಿ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಲೇಬಲ್‌ನಲ್ಲಿ ಓದಿ.

ಸಾವಯವದವರು ಏನು ಮಾಡಬೇಕು?

ನಾನೂ ಸಾವಯವ ಬೆಳೆಗಾರ, ಇದ್ದದ್ದು ಹೇಳ್ತೀನಿ. ಜೀವಾಮೃತ ಮಣ್ಣಿಗೆ ಒಳ್ಳೆಯದು, ಆದರೆ ತುಕ್ಕಿಗೆ ಮದ್ದಲ್ಲ. ನಮ್ಮ ಕೈಯಲ್ಲಿರುವುದು ನಿರೋಧಕ ತಳಿ, ಮುಂಗಾರು ಹದ ಸಿಕ್ಕ ಕೂಡಲೇ ಬಿತ್ತನೆ, ಗಾಳಿಯಾಡುವ ಸಾಲು.

ಕೊನೆಯದಾಗಿ, ಈ ಶಿಲೀಂಧ್ರ ಹಸಿರು ಗಿಡದ ಮೇಲೆ ಮಾತ್ರ ಬದುಕುತ್ತದೆ. ಬೇಸಿಗೆಯಲ್ಲಿ ನೀರಾವರಿಯಲ್ಲಿ ಸೋಯಾಬಿನ್ ಬೆಳೆದರೆ ಮುಂಗಾರಿನ ತನಕ ಅದನ್ನು ನಾವೇ ಸಾಕಿದಂತೆ. ಬ್ರೆಜಿಲ್‌ನಲ್ಲಿ ಇದಕ್ಕೆಂದೇ ಸೋಯಾ ಇಲ್ಲದ ಅವಧಿಯನ್ನು ಕಾನೂನಿನಿಂದ ಜಾರಿಗೆ ತಂದಿದ್ದಾರೆ. ನಾವು ಊರೊಟ್ಟಿನಲ್ಲಿ ಮಾತಾಡಿಕೊಂಡರೆ ಸಾಕು.

ಮುಂದಿನ ಸಲ ಫೋಟೋ ಕಳಿಸುವಾಗ ಬಗ್ಗಿ, ಕೆಳಗಿನ ಎಲೆ ತಿರುವಿ ತೆಗೀರಿ.