ಹಳೆಯ ಕಾರಿಗೆ ದೊಡ್ಡ ಚಕ್ರ: ಒಂದು ಲೆಕ್ಕಾಚಾರ

ಮಾನವನ ಅತಿ ಪುರಾತನ ಸಾಧನಗಳಲ್ಲಿ ಚಕ್ರವೂ ಒಂದೆಂಬುದು ಸರ್ವವಿದಿತ. ಆದರೆ ಆ ಚಕ್ರಕ್ಕೆ ಗಾಳಿ ತುಂಬಿದ ರಬ್ಬರಿನ ಹೊದಿಕೆ ಬಂದದ್ದು ತೀರ ಈಚಿನ ಮಾತು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು ಅಂಥದೊಂದನ್ನು ರೂಪಿಸಿ ಪೇಟೆಂಟು ಪಡೆದನಾದರೂ ಅದು ಜನಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದನು. ತನ್ನ ಮಗನ ಮೂರು ಗಾಲಿಯ ಸೈಕಲ್ಲು ಸುಗಮವಾಗಿ ಓಡಲೆಂಬುದೇ ಅವನ ಮೊದಲ ಉದ್ದೇಶವಾಗಿತ್ತು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿಯು ರೇಡಿಯಲ್ ಟೈರಿಗೆ ಪೇಟೆಂಟು ಪಡೆಯಿತು. ಇಂದು ನಮ್ಮ ಕಾರುಗಳೆಲ್ಲ ಬಹುಮಟ್ಟಿಗೆ ಆ ಬಗೆಯ ಟೈರಿನ ಮೇಲೆಯೇ ಓಡುತ್ತಿವೆ.

ಕಲಾವಿಭಾಗದ ವಿದ್ಯಾರ್ಥಿಗೆ ಟೈರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ ಹೇಳುತ್ತೇನೆ. ನನ್ನ ಅಣ್ಣ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಗಾರೆ ಕೆಲಸಕ್ಕೆ ಸೇರಿದವನು. ಅವನ ದುಡಿಮೆಯಿಂದ ನನ್ನ ವಿದ್ಯಾಭ್ಯಾಸ ನಡೆದಿದೆ. ಅವನು ಕೈಬದಲಾದ ಒಂದು ಮಾರುತಿ 800 ಕಾರನ್ನು ಕೊಂಡಿದ್ದಾನೆ. 1983ರಲ್ಲಿ ರಸ್ತೆಗೆ ಬಂದ ಈ ಪುಟ್ಟ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು; ಆದರೂ ನಮ್ಮಂಥ ಊರುಗಳಲ್ಲಿ ಅದರ ಓಡಾಟ ನಿಂತಿಲ್ಲ. ಅಣ್ಣನು ಇಪ್ಪತ್ತು ಸಾವಿರ ರೂಪಾಯಿ ಕೂಡಿಟ್ಟು, ಕಾರಿನ 12 ಅಂಗುಲದ ಚಕ್ರಗಳನ್ನು ತೆಗೆಸಿ 13 ಅಂಗುಲದ ಅಲಾಯ್ ಚಕ್ರಗಳನ್ನು ಹಾಕಿಸಬೇಕೆಂದಿದ್ದನು. ನಮ್ಮ ತಂದೆಯವರು ನನ್ನನ್ನು ಕರೆದು, "ಈ ಮನೇಲಿ ಕಾಲೇಜಿಗೆ ಹೋದೋನು ನೀನೊಬ್ಬನೆ. ಆ ದುಡ್ಡು ಚಕ್ರಕ್ಕೆ ಹಾಕಬೇಕೋ ಬೇಡವೋ, ಲೆಕ್ಕ ಹಾಕಿ ಹೇಳು" ಎಂದರು. ನಮ್ಮ ತಾಯಿಯವರನ್ನು ತಿಂಗಳಿಗೆರಡು ಬಾರಿ ಆಸ್ಪತ್ರೆಗೆ ಕರೆದೊಯ್ಯುವುದೂ ಇದೇ ಕಾರು. ಆದುದರಿಂದ ಈ ಪ್ರಶ್ನೆ ಬರಿಯ ಅಂದಚೆಂದದ್ದಾಗಿರಲಿಲ್ಲ. ಆ ಸಲುವಾಗಿ ನಾನು ಓದಿ, ಕೇಳಿ, ಅಳೆದು ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಟೈರಿನ ಬರಹವನ್ನು ಓದುವ ಬಗೆ

ಪ್ರತಿಯೊಂದು ಟೈರಿನ ಪಕ್ಕದಲ್ಲಿಯೂ ಅದರ ಜಾತಕ ಬರೆದಿರುತ್ತದೆ. ಮಾರುತಿ 800 ಕಾರಿನ ಮೂಲ ಟೈರಿನ ಮೇಲೆ 145/70 ಆರ್ 12 ಎಂದಿರುವುದು. ಇದರಲ್ಲಿ 145 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 70 ಎಂಬುದು ಟೈರಿನ ಪಕ್ಕದ ಗೋಡೆಯ ಎತ್ತರ. ಅದನ್ನು ಅಗಲದ ಶೇಕಡಾಂಶವಾಗಿ ಹೇಳಿದೆ. ಆರ್ ಎಂದರೆ ರೇಡಿಯಲ್. 12 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಅಂಗುಲ ಈ ಮೂರೂ ಸೇರಿಕೊಂಡಿರುವುದರಿಂದಲೇ ಅನೇಕರಿಗೆ ಇದು ಒಗಟಾಗಿ ಕಾಣುತ್ತದೆ.

ಇದರ ಮುಂದೆ 69 ಎಸ್ ಎಂಬಂಥ ಇನ್ನೊಂದು ಗುರುತು ಇರುತ್ತದೆ. 69 ಎಂಬುದು ಭಾರದ ಸಂಕೇತ. ಆ ಟೈರು 325 ಕಿಲೋಗ್ರಾಂ ಹೊರಬಲ್ಲದೆಂದು ಅರ್ಥ. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ ತಾಳಬಲ್ಲದು. ಹೊಸ ಟೈರನ್ನು ಆರಿಸುವಾಗ ಈ ಎರಡೂ ಮೂಲ ಟೈರಿಗಿಂತ ಕಡಿಮೆಯಾಗಕೂಡದು. ಇನ್ನು ಡಿ.ಒ.ಟಿ. ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕೆಗಳು ಟೈರು ತಯಾರಾದ ಕಾಲವನ್ನು ಹೇಳುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಹೊಸದೆಂದು ಕೊಳ್ಳುವ ಟೈರು ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತದ್ದೋ ಅಲ್ಲವೋ ಎಂಬುದನ್ನು ಇದರಿಂದ ಯಾರಾದರೂ ತಿಳಿಯಬಹುದು.

ವ್ಯಾಸದ ಲೆಕ್ಕ

ಇನ್ನು ಮುಖ್ಯವಾದ ಲೆಕ್ಕಕ್ಕೆ ಬರೋಣ. ಇದಕ್ಕೆ ಮಾಧ್ಯಮಿಕ ಶಾಲೆಯ ಗಣಿತವೇ ಸಾಕು. 145ರ ಶೇಕಡ 70 ಎಂದರೆ 101.5 ಮಿಲಿಮೀಟರು. ರಿಮ್ಮಿನ ಮೇಲೂ ಕೆಳಗೂ ಟೈರಿನ ಗೋಡೆ ಇರುವುದರಿಂದ ಅದನ್ನು ಇಮ್ಮಡಿಸಿದರೆ 203. ರಿಮ್ಮಿನ 12 ಅಂಗುಲವನ್ನು 25.4ರಿಂದ ಗುಣಿಸಿದರೆ 304.8. ಎರಡನ್ನೂ ಕೂಡಿಸಿದರೆ ಚಕ್ರದ ಪೂರ್ಣ ವ್ಯಾಸ 507.8 ಮಿಲಿಮೀಟರು. ಇದೇ ಕ್ರಮದಲ್ಲಿ ಈ ಕಾರಿಗೆ ಜನರು ಹಾಕಿಸಲು ಯೋಚಿಸುವ ಬೇರೆ ಅಳತೆಗಳನ್ನೂ ಲೆಕ್ಕ ಹಾಕಿದಾಗ ಬಂದ ಉತ್ತರಗಳು ಹೀಗಿವೆ:

145/70 ಆರ್ 12 (ಮೂಲ ಅಳತೆ): 507.8 ಮಿ.ಮೀ.
155/65 ಆರ್ 12: 506.3 ಮಿ.ಮೀ., ಶೇಕಡ 0.3 ಕಡಿಮೆ
145/80 ಆರ್ 12: 536.8 ಮಿ.ಮೀ., ಶೇಕಡ 5.7 ಹೆಚ್ಚು
155/65 ಆರ್ 13: 531.7 ಮಿ.ಮೀ., ಶೇಕಡ 4.7 ಹೆಚ್ಚು
145/70 ಆರ್ 13: 533.2 ಮಿ.ಮೀ., ಶೇಕಡ 5 ಹೆಚ್ಚು

ಮೂಲ ವ್ಯಾಸಕ್ಕೂ ಹೊಸ ವ್ಯಾಸಕ್ಕೂ ಇರುವ ಅಂತರ ಶೇಕಡ 3ನ್ನು ಮೀರಬಾರದೆಂಬುದು ಈ ವಿಷಯದಲ್ಲಿ ಬಲ್ಲವರು ಸಾಮಾನ್ಯವಾಗಿ ಪಾಲಿಸುವ ನಿಯಮ. ಮೇಲಿನ ಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಕಾಣಿಸುವುದು. 12 ಅಂಗುಲದ ರಿಮ್ಮಿನಲ್ಲಿಯೇ ಇರುವ 145/80 ಟೈರು, 13 ಅಂಗುಲದ 155/65 ಟೈರಿಗಿಂತ ಎತ್ತರವಾಗಿದೆ! ಅಂದರೆ ದೊಡ್ಡ ರಿಮ್ಮು ಬೇರೆ, ದೊಡ್ಡ ಚಕ್ರ ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲಗಳೆಲ್ಲ ಹುಟ್ಟುತ್ತವೆ.

ನನ್ನ ಅಣ್ಣನ ವಾದವೂ ಇಂಥದೇ ಆಗಿತ್ತು. "ಎತ್ತಿನ ಗಾಡಿ ಚಕ್ರ ದೊಡ್ಡದಾಗಿದ್ದಕ್ಕೇ ಅಲ್ವೇನೋ ಹಳ್ಳ ದಿಣ್ಣೆ ಹತ್ತಿ ಇಳೀತಿದ್ದದ್ದು?" ಎಂದು ಅವನು ಕೇಳಿದನು. ಮಾತು ಸುಳ್ಳಲ್ಲ; ವ್ಯಾಸ ಹೆಚ್ಚಿದಷ್ಟೂ ಚಕ್ರವು ಗುಂಡಿಯನ್ನು ಸುಲಭವಾಗಿ ದಾಟುತ್ತದೆ. ಆದರೆ ಗಾಡಿಯ ಎತ್ತರವನ್ನು ನೋಡಿಯೇ ಬಡಗಿಯು ಚಕ್ರ ಕಟ್ಟುತ್ತಿದ್ದನು. ಕಾರಿನ ಯಂತ್ರ, ಗೇರು, ಬ್ರೇಕುಗಳೂ ಹಾಗೆಯೇ ಒಂದು ಗೊತ್ತಾದ ಚಕ್ರಕ್ಕೆಂದು ರೂಪುಗೊಂಡಿವೆ.

ವ್ಯಾಸ ಹೆಚ್ಚಿದರೆ ಆಗುವುದೇನು?

155/65 ಆರ್ 13 ಟೈರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೂಲ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು 627 ಸುತ್ತು ತಿರುಗಿದರೆ ಇದು 599 ಸುತ್ತು ಮಾತ್ರ ತಿರುಗುತ್ತದೆ. ಕಾರಿನ ಮೀಟರಿಗೆ ತಿಳಿಯುವುದು ಸುತ್ತುಗಳ ಲೆಕ್ಕವೇ ಹೊರತು ರಸ್ತೆಯ ಉದ್ದವಲ್ಲ. ಆದುದರಿಂದ ಹಳೆಯ ಚಕ್ರದಲ್ಲಿ ಮೀಟರು 60 ತೋರಿಸುತ್ತಿದ್ದ ಸ್ಥಾನದಲ್ಲಿ ಕಾರು ಈಗ ಸುಮಾರು ಶೇಕಡ 5ರಷ್ಟು ಹೆಚ್ಚಿನ ವೇಗದಲ್ಲಿರುತ್ತದೆ. ಓಡಿದ ದೂರವೂ ಕಡಿಮೆಯಾಗಿ ದಾಖಲಾಗುತ್ತದೆ. 100 ಕಿಲೋಮೀಟರ್ ಓಡಿದರೆ ಸುಮಾರು 95.5 ಎಂದು ತೋರಿಸುವುದು. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು 17.2 ಮಾತ್ರ ಕೊಟ್ಟಂತೆ ಕಾಣುತ್ತದೆ. ದೊಡ್ಡ ಟೈರು ಹಾಕಿಸಿದೊಡನೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ ಎಂಬ ದೂರಿನಲ್ಲಿ ಒಂದು ಪಾಲು ಹೀಗೆ ಮೀಟರಿನದೇ ತಪ್ಪು.

ಎರಡನೆಯದಾಗಿ, ಎಂಜಿನ್ನಿನ ಶಕ್ತಿಯು ಅಚ್ಚಿನಿಂದ ನೆಲಕ್ಕೆ ಮುಟ್ಟಬೇಕಾದ ದೂರ ಬೆಳೆದಿರುವುದರಿಂದ ನೆಲವನ್ನು ತಳ್ಳುವ ಬಲವು ಶೇಕಡ 4.5ರಷ್ಟು ಕುಗ್ಗುತ್ತದೆ. 796 ಸಿ.ಸಿ.ಯ ಮೂರು ಸಿಲಿಂಡರುಗಳ ಪುಟ್ಟ ಎಂಜಿನ್ನಿಗೆ, ಅದರಲ್ಲೂ ನಾಲ್ಕು ಜನ ಕುಳಿತು ದಿಣ್ಣೆ ಹತ್ತುವಾಗ, ಇದು ಅಲಕ್ಷಿಸತಕ್ಕ ಅಂಶವಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು: ಬ್ರೇಕು. ಬ್ರೇಕು ಹಿಡಿಯುವುದು ಚಕ್ರದ ನಡುವಿನಲ್ಲಿ. ಕಾರು ನಿಲ್ಲಬೇಕಾದದ್ದು ನೆಲದ ಮೇಲೆ. ನಡುವಿನಿಂದ ನೆಲ ದೂರವಾದಷ್ಟೂ ಅದೇ ಒತ್ತಡಕ್ಕೆ ಸಿಗುವ ಹಿಡಿತ ಕಡಿಮೆ. ಮೊದಲಿನಷ್ಟೇ ಹಿಡಿತ ಬೇಕಾದರೆ ಪೆಡಲನ್ನು ಹೆಚ್ಚು ಒತ್ತಬೇಕು. ಸವೆದ ಬ್ರೇಕಿನ ಹಳೆಯ ಕಾರಿನಲ್ಲಿ ಈ ಕೊರತೆಯು ಇರುವ ಕೊರತೆಗಳ ಜತೆಗೆ ಸೇರಿಕೊಳ್ಳುತ್ತದೆ.

ಇಷ್ಟಕ್ಕೆ ಪ್ರತಿಯಾಗಿ ಸಿಗುವ ಲಾಭವೇನು? ಕಾರಿನ ತಳವು ನೆಲದಿಂದ ಏರುವುದು ವ್ಯಾಸದ ಅಂತರದ ಅರ್ಧದಷ್ಟು ಮಾತ್ರ. ಅಂದರೆ 12 ಮಿಲಿಮೀಟರು. ಒಂದು ಬೆರಳಿನ ದಪ್ಪಕ್ಕೂ ಕಡಿಮೆ.

ಒಂದು ನಿದರ್ಶನ

ದೊಡ್ಡ ರಿಮ್ಮು ಹಾಕುವುದೇ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಅದನ್ನು ಕ್ರಮವರಿತು ಮಾಡಿದುದಕ್ಕೆ ಇಂಗ್ಲೆಂಡಿನ ಮಿನಿ ಕಾರೇ ಸಾಕ್ಷಿ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1959ರಲ್ಲಿ ಹೊರಬಂದಾಗ ಅದರ ಚಕ್ರ 10 ಅಂಗುಲದ್ದಾಗಿತ್ತು. 1984ರಲ್ಲಿ ಅದನ್ನು 12 ಅಂಗುಲಕ್ಕೆ ಏರಿಸಿದರು. ಆಗ ಹಾಕಿದ ಟೈರು 145/70 ಆರ್ 12, ಅಂದರೆ ನಮ್ಮ ಮಾರುತಿಯ ಅಳತೆಯೇ. ಆದರೆ ಚಕ್ರವನ್ನು ಬದಲಾಯಿಸಿ ಸುಮ್ಮನಾಗಲಿಲ್ಲ. ಮುಂದಿನ ಚಕ್ರಗಳಿಗೆ 8.4 ಅಂಗುಲದ ಡಿಸ್ಕ್ ಬ್ರೇಕುಗಳನ್ನೂ ಜತೆಯಲ್ಲಿ ಕೊಟ್ಟರು. ಮುಂದೆ 1990ರ ದಶಕದ ಕೊನೆಯಲ್ಲಿ ಕೆಲವು ಮಿನಿಗಳಿಗೆ 13 ಅಂಗುಲದ ರಿಮ್ಮಿನ ಮೇಲೆ 175/50 ಟೈರು ಬಂತು. ಇದರ ಪೂರ್ಣ ವ್ಯಾಸ 505.2 ಮಿಲಿಮೀಟರು, 12 ಅಂಗುಲದ ಚಕ್ರಕ್ಕಿಂತ 2.6 ಮಿಲಿಮೀಟರು ಮಾತ್ರ ಕಡಿಮೆ. ರಿಮ್ಮು ಬೆಳೆಯಿತು, ಟೈರಿನ ಗೋಡೆ ತಗ್ಗಿತು, ಚಕ್ರ ಇದ್ದಷ್ಟೇ ಉಳಿಯಿತು. ಅಗಲವಾದ ಟೈರು ಹೊರಗೆ ಚಾಚುವುದರಿಂದ ಚಕ್ರದ ಮೇಲಿನ ಕಮಾನುಗಳನ್ನೂ ಅಗಲಿಸಿದ್ದರು. ಹಿರಿಯ ರಿಮ್ಮನ್ನು ಆರಿಸುವ ಸರಿಯಾದ ಮಾರ್ಗವಿದು.

ಆದರೂ ಈ ಮಾರ್ಗವನ್ನು ನಮ್ಮ ಊರ ರಸ್ತೆಯಲ್ಲಿ ಹಿಡಿಯಬಹುದೇ ಎಂಬುದು ಇನ್ನೊಂದು ಪ್ರಶ್ನೆ. 175/50 ಟೈರಿನ ಗೋಡೆಯ ಎತ್ತರ 87.5 ಮಿಲಿಮೀಟರು, 145/70ರದು 101.5. ಗುಂಡಿಗೆ ಇಳಿದಾಗ ಪೆಟ್ಟನ್ನು ಮೊದಲು ನುಂಗುವುದು ಈ ಗೋಡೆಯೇ. ಅದು ತಗ್ಗಿದರೆ ಪೆಟ್ಟು ರಿಮ್ಮಿಗೆ ಬೀಳುತ್ತದೆ. ಉಕ್ಕಿನ ರಿಮ್ಮು ಸೊಟ್ಟಗಾದರೆ ಸಣ್ಣ ಪೇಟೆಯಲ್ಲಿಯೂ ತಟ್ಟಿ ಸರಿಮಾಡಿಕೊಡುವವರುಂಟು. ಅಲಾಯ್ ರಿಮ್ಮು ಬಿರುಕು ಬಿಟ್ಟರೆ ಹಣವೆಲ್ಲ ನೀರುಪಾಲು.

ಗಮನಿಸಬೇಕಾದ ಇತರ ಸಂಗತಿಗಳು

ರಿಮ್ಮನ್ನು ಬದಲಾಯಿಸಲೇಬೇಕೆನ್ನುವವರು ಕೆಲವು ಅಂಶಗಳನ್ನು ಪರೀಕ್ಷಿಸಬೇಕು. ಬೋಲ್ಟುಗಳ ಸಂಖ್ಯೆ ಮತ್ತು ಅವು ಕುಳಿತ ವೃತ್ತದ ವ್ಯಾಸ ಸರಿಹೊಂದಬೇಕು. ಮಾರುತಿ 800ಕ್ಕೆ ಅದು 4 ಬೋಲ್ಟು, 114.3 ಮಿಲಿಮೀಟರು. ಬೋಲ್ಟು ಕೂರುವ ಮುಖವು ರಿಮ್ಮಿನ ಮಧ್ಯರೇಖೆಯಿಂದ ಎಷ್ಟು ಸರಿದಿದೆ ಎಂಬ ಆಫ್‌ಸೆಟ್ ಅಳತೆಯೂ ಮೂಲಕ್ಕೆ ಹತ್ತಿರವಿರಬೇಕು. ಇಲ್ಲವಾದರೆ ಚಕ್ರವು ಒಳಗೆ ತಾಗುವುದು, ಇಲ್ಲವೆ ಹೊರಗೆ ಚಾಚಿ ಬೇರಿಂಗಿಗೆ ಭಾರವಾಗುವುದು. ಜನರನ್ನು ತುಂಬಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರು ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಿಯೇ ಹಣ ಕೊಡಬೇಕು.

ಕಾನೂನಿನ ಮಾತೂ ಒಂದುಂಟು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿ ಮಾಡಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಕಾರನ್ನು ನೋಂದಣಿಯ ನವೀಕರಣಕ್ಕಾಗಿ ತಪಾಸಣೆಗೆ ಒಯ್ಯಲೇಬೇಕಾದುದರಿಂದ, ಹಳೆಯ ಕಾರಿನ ಒಡೆಯರು ಇದನ್ನು ಮೊದಲೇ ಆಲೋಚಿಸುವುದು ಒಳ್ಳೆಯದು.

ಈ ಲೆಕ್ಕವನ್ನೆಲ್ಲ ನಾನು ಮನೆಯಲ್ಲಿ ಬರೆದು ತೋರಿಸಿದೆನು. ಅಣ್ಣನು ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಟೇಪು ಹಿಡಿದು ಚಕ್ರವನ್ನು ಅಳೆದು ನೋಡಿ ಬಂದನು. ಕೊನೆಗೆ ಮೂಲ ಅಳತೆಯ ನಾಲ್ಕು ಹೊಸ ಟೈರುಗಳನ್ನು ಹಾಕಿಸಿ, ಉಳಿದ ಹಣದಲ್ಲಿ ಬ್ರೇಕನ್ನು ಹೊಸದಾಗಿ ಮಾಡಿಸಿ, ಚಕ್ರಗಳ ಅಲೈನ್‌ಮೆಂಟ್ ನೋಡಿಸಿದ್ದಾನೆ. ಅಲಾಯ್ ಚಕ್ರದ ಆಸೆ ಅವನಿಗೆ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಹಣದ ವಿಷಯಕ್ಕೆ ಮಾತ್ರ ಸೀಮಿತವಾದುದಲ್ಲ. ಯಂತ್ರಕ್ಕೂ ಅದು ಒಪ್ಪುವುದು. ಚಕ್ರವೊಂದನ್ನು ಬೆಳೆಸಿದರೆ ಗೇರು, ಬ್ರೇಕು, ಮೀಟರು ಎಲ್ಲವೂ ಅದಕ್ಕೆ ತೆರಿಗೆ ತೆರಬೇಕು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ಮನೆಯವರು ನಮ್ಮನ್ನು ಕೇಳುವ ಪ್ರಶ್ನೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇರಲಾರವು. ಆದರೆ ಅಂಗಡಿಯವನ ಮಾತನ್ನಾಗಲಿ ನೆರೆಯವನ ಕಾರನ್ನಾಗಲಿ ನಂಬಿ ನಡೆಯದೆ, ಬರೆದಿರುವುದನ್ನು ಓದಿ, ಅಳೆದು, ಗುಣಿಸಿ ನೋಡುವ ಅಭ್ಯಾಸವನ್ನು ವಿದ್ಯೆ ನಮಗೆ ಕಲಿಸಬಲ್ಲದು. ಟೈರಿನ ಪಕ್ಕದಲ್ಲಿರುವ ಒಂದು ಸಾಲಿನ ಬರಹವೂ ಓದಲೆಂದೇ ಇರುವುದು.