1,200ರ ಪಕ್ಕದ ಎರಡು ಅಂಕಿ

ಪುಟ್ಟಿ,

ನಿಮ್ಮಮ್ಮ ಫೋನ್ ಮಾಡಿದ್ದಳು. ಮೊಬೈಲಿನಲ್ಲೊಂದು ಆ್ಯಪ್ ಹಾಕಿಕೊಂಡು, ದಿನಕ್ಕೆ 1,200 ಕ್ಯಾಲೊರಿ ದಾಟುವುದಿಲ್ಲ ಎಂದು ಹಟ ಹಿಡಿದಿದ್ದೀಯಂತೆ. ಬೆಳಗ್ಗೆ ತಿಂಡಿಯಿಲ್ಲ, ಗ್ರೀನ್ ಟೀ; ರಾತ್ರಿ ಮುದ್ದೆಯಿಲ್ಲ, ಒಂದು ಸೌತೆಕಾಯಿ. ಈ ಕಾಗದ ಬೈಯುವುದಕ್ಕೆ ಬರೆದದ್ದಲ್ಲ. ಲೆಕ್ಕದಲ್ಲಿ ನೀನು ಜಾಣೆ. ಆ 1,200ರ ಪಕ್ಕ ಇನ್ನೆರಡು ಅಂಕಿ ಇಟ್ಟು ನೋಡು ಅನ್ನುವುದಕ್ಕೆ ಬರೆದದ್ದು.

ಮೊದಲನೆಯದು ಹೈದರಾಬಾದಿನದು. ಅಲ್ಲಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ, ನಿನ್ನಂಥ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 2,500 ಕ್ಯಾಲೊರಿ ಬೇಕು, ಹುಡುಗನಿಗೆ 3,320. ಕೂತು ಕೆಲಸ ಮಾಡುವ ಹೆಂಗಸಿಗೆ 1,660 ಸಾಕು. ಅಂದರೆ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನಿಮ್ಮಮ್ಮನಿಗಿಂತ ನೀನೇ ಹೆಚ್ಚು ಉಣ್ಣಬೇಕು! ಇದು ಸರಾಸರಿ ಲೆಕ್ಕ. ಎತ್ತರ, ಓಡಾಟ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ಆದರೂ ಅರ್ಧಕ್ಕೆ ಇಳಿಯುವುದಿಲ್ಲ. ಮೂಳೆ ಗಟ್ಟಿಯಾಗುವುದು, ರಕ್ತ ಹೆಚ್ಚುವುದು ಎಲ್ಲ ಈಗಲೇ ನಡೆಯಬೇಕಾದ ಕೆಲಸ. ಮೈನೆರೆದ ಮೇಲೆ ಸೊಂಟ, ತೊಡೆ ತುಂಬಿಕೊಳ್ಳುವುದೂ ಅದರದೇ ಭಾಗ, ಗೆಳತಿಯರು ‘ಡುಮ್ಮಿ’ ಅಂದರೂ ಸರಿಯೆ.

ಎರಡನೆಯ ಅಂಕಿ ಅಮೆರಿಕದ್ದು, 1,570.

ಎರಡನೇ ಮಹಾಯುದ್ಧದ ಕೊನೆಯಲ್ಲಿ, ಯುರೋಪಿನ ಹಸಿದ ಜನರಿಗೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಬಂದೂಕು ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. 1945ರಲ್ಲಿ ಆರು ತಿಂಗಳು ಅವರಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ: ಬ್ರೆಡ್ಡು, ಆಲೂಗಡ್ಡೆ, ಕೋಸು. ತೂಕದಲ್ಲಿ ಕಾಲುಭಾಗ ಇಳಿಯಿತು. ಜೊತೆಗೆ ಬೇಸಿಗೆಯಲ್ಲೂ ಚಳಿ, ನಿಧಾನವಾದ ನಾಡಿ, ಮಾತುಮಾತಿಗೆ ಸಿಡುಕು. ತಟ್ಟೆ ನೆಕ್ಕುತ್ತಿದ್ದರು, ಲೋಟಗಟ್ಟಲೆ ಕಾಫಿ ಕುಡಿಯುತ್ತಿದ್ದರು. ಅಡುಗೆಯ ಗಂಧಗಾಳಿಯಿಲ್ಲದ ಹುಡುಗರು ಪಾಕಪುಸ್ತಕ ಕೂಡಿಹಾಕಿ ಓದತೊಡಗಿದರು. (ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ರೀಲ್ಸ್ ನೋಡುತ್ತಿರುತ್ತೀಯಂತಲ್ಲ?) ಹೊಟ್ಟೆತುಂಬ ಊಟ ಮತ್ತೆ ಶುರುವಾದಾಗ ಎಷ್ಟು ತಿಂದರೂ ಹಸಿವು ತೀರದವರಿದ್ದರು, ಸ್ನಾಯುವಿಗಿಂತ ಮೊದಲು ಕೊಬ್ಬು ತುಂಬಿಕೊಂಡಿತು. ಅವರು ಬೆಳೆದು ನಿಂತ ಗಂಡಸರು. ಅವರ ಅರೆಹೊಟ್ಟೆ ಊಟಕ್ಕಿಂತಲೂ ನಿನ್ನ ಲೆಕ್ಕ 370 ಕಡಿಮೆ.

ಆ್ಯಪ್ ತೋರಿಸುವ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಅಳತೆ) ಇದೆಯಲ್ಲ, ಆ ಹೆಸರನ್ನು 1972ರಲ್ಲಿ ಬಳಕೆಗೆ ತಂದದ್ದೂ ಇದೇ ಕೀಸ್. ದೊಡ್ಡವರಿಗೆ ಗೊತ್ತುಮಾಡಿದ ಅದರ ಗೆರೆಗಳನ್ನು ಹದಿನಾರರ ಹುಡುಗಿಗೆ ಹಾಗೇ ಎಳೆಯಬಾರದು. ಡಾಕ್ಟರರು ವಯಸ್ಸು, ಗಂಡೋ ಹೆಣ್ಣೋ ನೋಡಿ ಬೆಳವಣಿಗೆಯ ಚಾರ್ಟಿನಲ್ಲಿ ಗುರುತು ಹಾಕುತ್ತಾರೆ. ತೂಕ ನಿಜವಾಗಿಯೂ ಹೆಚ್ಚಿದೆ ಎಂದರೂ ಬೆಳೆಯುವವರಿಗೆ ಸಾಮಾನ್ಯವಾಗಿ ಹೇಳುವುದು ಊಟ ಬಿಡು ಎಂದಲ್ಲ. ಕೋಲಾ, ಬೇಕರಿ ತಿನಿಸು ಕಡಿಮೆ ಮಾಡು, ಆಡು, ನಿದ್ದೆ ಮಾಡು ಎಂದು. 600 ಎಂಎಲ್ ಕೋಲಾದಲ್ಲಿ 60 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ಕತ್ತರಿ ಹಾಕುವುದಿದ್ದರೆ ಅಲ್ಲಿ ಹಾಕು.

ಮುದ್ದೆಯ ತಂಟೆಗೆ ಹೋಗಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಬಸ್ಸಾರು, ಕಾಳಿನ ಪಲ್ಯ, ಮೇಲಿಷ್ಟು ನಿಂಬೆರಸ: ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹಿಡಿಯಲು ನಿಂಬೆ ನೆರವಾಗುತ್ತದೆ. ನಿನ್ನ ಗ್ರೀನ್ ಟೀ ಮಾಡುವುದು ಅದರ ಉಲ್ಟಾ. ಕುಡಿಯಲೇಬೇಕೆಂದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿ. ಕಬ್ಬಿಣದ ಮಾತು ಯಾಕೆಂದರೆ, ನಮ್ಮ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ಮುಟ್ಟು ತಪ್ಪಿದೆಯಾ? ತಲೆ ಸುತ್ತುತ್ತದಾ? ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದೀಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಅಮ್ಮನಿಗೆ ಇವತ್ತೇ ಹೇಳು. ಅವಳಿಗೆ ಹೇಳಲಾಗದಿದ್ದರೆ ಅತ್ತೆಗೆ ಹೇಳು. ಅದೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಡಾಕ್ಟರಿಗೂ ತೋರಿಸಬೇಕು; ಹೋಗುವಾಗ ಕಳೆದ ಮೂರು ತಿಂಗಳ ಮುಟ್ಟಿನ ತಾರೀಕು ಬರೆದುಕೊಂಡು ಹೋಗು. ಆ್ಯಪನ್ನೂ ಅವರ ಮುಂದೆ ತೆಗೆದು ತೋರಿಸು.

ನಿನ್ನ ಸೋದರತ್ತೆ